ಹಿಟ್ಟೈಟ್ ಬರಹದ ಒಂಟಿ ಮತ್ತು ಇಮ್ಮಡಿ ವ್ಯಂಜನಗಳು

ಪ್ರಶ್ನೆ: ಸನ್ನತಿಯ ಅಶೋಕ ಶಾಸನಗಳನ್ನು ನೋಡಿ ಬಂದ ಮೇಲೆ ಪ್ರಾಚೀನ ಲಿಪಿಗಳ ಬಗ್ಗೆ ಓದುತ್ತಿದ್ದೇನೆ. ಹಿಟ್ಟೈಟ್ ಭಾಷೆಯಲ್ಲಿ ‘ತಿನ್ನುತ್ತಾರೆ’ ಎಂಬ ಒಂದೇ ಪದವನ್ನು ‘ಅ-ತ-ಅನ್-ತ್ಸಿ’ ಎಂದೂ ‘ಅ-ದ-ಅನ್-ತ್ಸಿ’ ಎಂದೂ ಬರೆದಿದ್ದಾರೆ. ಇದು ಲಿಪಿಕಾರರ ಅಜಾಗರೂಕತೆಯೇ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಖಂಡಿತ ಅಲ್ಲ. ಇಂದಿನ ತುರ್ಕಿಯಲ್ಲಿರುವ ಹತ್ತುಶಾ ನಗರದ ಈ ಲಿಪಿಕಾರರು ಮೆಸೊಪೊಟೇಮಿಯದ ಬೆಣೆಲಿಪಿಯನ್ನು ಎರವಲು ಪಡೆದಿದ್ದರು. ಅದರಲ್ಲಿ ‘ತ’, ‘ದ’ಗಳಿಗೆ ಬೇರೆ ಬೇರೆ ಚಿಹ್ನೆಗಳಿದ್ದರೂ ಅವುಗಳನ್ನು ಘೋಷ–ಅಘೋಷ ಭೇದ (‘ದ’, ‘ಗ’ಗಳಲ್ಲಿ ಕೊರಳ ನಾದವಿದ್ದು ‘ತ’, ‘ಕ’ಗಳಲ್ಲಿ ಇಲ್ಲದಿರುವುದು) ತೋರಿಸಲು ಇವರು ಬಳಸಲಿಲ್ಲ. ಭೇದವನ್ನು ತೋರಿಸಿದ್ದು ಇನ್ನೊಂದು ಬಗೆಯಲ್ಲಿ: ಎರಡು ಸ್ವರಗಳ ನಡುವಿನ ವ್ಯಂಜನವನ್ನು ಕೆಲವು ಪದಗಳಲ್ಲಿ ಒಮ್ಮೆ, ಕೆಲವು ಪದಗಳಲ್ಲಿ ಎರಡು ಸಲ ಬರೆದರು.

1915ರಲ್ಲಿ ಚೆಕ್ ವಿದ್ವಾಂಸ ಬೆಡ್ರಿಷ್ ಹ್ರೋಜ್ನಿ ಹಿಟ್ಟೈಟ್ ಸಂಸ್ಕೃತವೂ ಸೇರಿರುವ ಇಂಡೋ-ಯುರೋಪಿಯನ್ ಕುಟುಂಬದ ಭಾಷೆಯೆಂದು ತೋರಿಸಿಕೊಟ್ಟ ಬಳಿಕ ಸಂಸ್ಕೃತದೊಡನೆ ಹೋಲಿಸಿ ನೋಡುವುದು ಸಾಧ್ಯವಾಯಿತು. ಆಕಾಶವೆಂಬ ಅರ್ಥದ ‘ನೇಪಿಸ್’ ನಮ್ಮ ‘ನಭಸ್’ನ ಬಂಧು, ನೊಗವೆಂಬ ಅರ್ಥದ ‘ಯುಕನ್’ ನಮ್ಮ ‘ಯುಗ’ದ ಬಂಧು, ಮೂಲದಲ್ಲಿ ಘೋಷವಿದ್ದ ಇವುಗಳಲ್ಲಿ ವ್ಯಂಜನ ಒಂಟಿಯಾಗಿದೆ. ಬೆಳಗು ಎಂಬ ಅರ್ಥದ ‘ಲುಕ್ಕ್’ ಧಾತುವಾದರೋ ಸಂಸ್ಕೃತದ ‘ರುಚ್’ಗೆ ಸಂಬಂಧಿಸಿದ್ದು, ಮೂಲದಲ್ಲಿ ಅಘೋಷ, ಬರಹದಲ್ಲಿ ಇಮ್ಮಡಿ. ಅಮೆರಿಕದ ಭಾಷಾವಿಜ್ಞಾನಿ ಎಡ್ಗರ್ ಸ್ಟರ್ಟೆವಂಟ್ ವಿವರಿಸಿದ ಕಾರಣ ಈ ನಿಯಮಕ್ಕೆ ಅವರದೇ ಹೆಸರು ನಿಂತಿದೆ. ‘ಮಹತ್’ನ ಬಂಧುವಾದ ‘ಮೆಕ್ಕಿ’ಯಲ್ಲಿ ಮೂಲ ಘೋಷವಿದ್ದರೂ ಇಮ್ಮಡಿ ಬಂದಿದೆ, ಆ ವ್ಯಂಜನದ ನಂತರವೇ ಇದ್ದು ಲೋಪವಾದ ಗಂಟಲಿನ ಧ್ವನಿಯೊಂದು ಇದಕ್ಕೆ ಕಾರಣವೆಂಬ ವಿವರಣೆ ನನಗೆ ಒಪ್ಪಿಗೆಯಾಗುತ್ತದೆ.

ಉಚ್ಚಾರದಲ್ಲಿ ಇದ್ದದ್ದು ಘೋಷದ ವ್ಯತ್ಯಾಸವೋ, ನಮ್ಮ ‘ಕತೆ’, ‘ಕತ್ತೆ’ಗಳಲ್ಲಿರುವಂತೆ ಅವಧಿಯ ವ್ಯತ್ಯಾಸವೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಇಮ್ಮಡಿ ಬರಹವನ್ನು ಹಿಟ್ಟೈಟ್ ಲಿಪಿಕಾರರು ಅಷ್ಟು ನಿಯತವಾಗಿ ಪಾಲಿಸಿರುವುದರಿಂದ ಅವಧಿಯ ಪಕ್ಷವೇ ಬಲವಾದದ್ದೆಂದು ನನ್ನ ಅಭಿಪ್ರಾಯ.

ನೀವು ಸನ್ನತಿಯಲ್ಲಿ ಕಂಡದ್ದು ಇದಕ್ಕೆ ವಿರುದ್ಧವಾದ ಪದ್ಧತಿ. ಅಶೋಕನ ಬ್ರಾಹ್ಮೀ ಲಿಪಿಕಾರರು ‘ತ’, ‘ದ’ಗಳನ್ನು ಖಚಿತವಾಗಿ ಬೇರ್ಪಡಿಸಿದರೂ ಪ್ರಾಕೃತದ ‘ಪುತ್ತ’ವನ್ನು ‘ಪುತ’ ಎಂದೇ ಬರೆಯುತ್ತಿದ್ದರು. ದ್ವಿತ್ವವನ್ನು ಓದುಗನೇ ತುಂಬಿಕೊಳ್ಳಬೇಕಿತ್ತು. ಆದ್ದರಿಂದ ಹಿಟ್ಟೈಟ್ ಪಾಠವನ್ನು ಓದುವಾಗ ಚಿಹ್ನೆ ‘ತ’ವೋ ‘ದ’ವೋ ಎಂದು ನೋಡದೆ, ಅದರ ಹಿಂದಿನ ಅಕ್ಷರವೂ ಅದೇ ವರ್ಗದ ವ್ಯಂಜನದಲ್ಲಿ ಮುಗಿಯುತ್ತದೆಯೇ ಎಂದು ಗಮನಿಸಿರಿ. ಪದದ ಆರಂಭದಲ್ಲಿ ಮಾತ್ರ ಈ ಉಪಾಯ ನಡೆಯದು, ಅಲ್ಲಿ ಇಮ್ಮಡಿಯಾಗಿ ಬರೆಯಲು ಹಿಂದಿನ ಅಕ್ಷರವೇ ಇರುವುದಿಲ್ಲ.