ವಿಮಾನ ರಿಪೇರಿಯಲ್ಲಿ ತಪ್ಪಾದರೆ ಜನ ಸಾಯುತ್ತಾರೆ ಅಂತ ಭಯ. ಡಿಪ್ಲೊಮಾ ಆಯ್ತು, ಕಾರ್ ಗ್ಯಾರೇಜಿಗೇ ಸೇರಲಾ?

ಇದೇ ಭಯಕ್ಕೆ ನಾನೂ ವಿಮಾನದ ಕೋರ್ಸ್ ಬಿಟ್ಟು ಹುಬ್ಬಳ್ಳಿ ಗೋಕುಲ ರೋಡಿನ ಒಂದು ಗ್ಯಾರೇಜಿಗೆ ಸೇರಿದ್ದೆ.

ಎರಡನೇ ವರ್ಷ ಒಂದು ಟೆಂಪೋ ಬಂತು. ಹಿಂದಿನ ಗಾಲಿ ಬಿಚ್ಚಿ ಬ್ರೇಕ್ ಲೈನರ್ ಹಾಕಿದೆ. ಗಾಲಿ ಕೂರಿಸಿ ನಟ್‌ಗಳನ್ನು ಕೈಯಲ್ಲೇ ಹತ್ತಿಸಿದೆ. ಪೂರ್ತಿ ಬಿಗಿ ಮಾಡುವುದು ಗಾಡಿ ಇಳಿಸಿದ ಮೇಲೆ. ಅಷ್ಟರಲ್ಲಿ ಊಟಕ್ಕೆ ಕರೆದರು, ಹೋದೆ. ಬರುವಷ್ಟರಲ್ಲಿ ಯಾರೋ ಜಾಕ್ ಇಳಿಸಿ ಗಾಡಿ ಹೊರಗೆ ನಿಲ್ಲಿಸಿದ್ದರು. ಇಳಿಸಿದವನೇ ಟೈಟ್ ಮಾಡಿರ್ತಾನೆ ಅಂದುಕೊಂಡೆ. ಅವನು ನಾನು ಮಾಡಿದ್ದೀನಿ ಅಂದುಕೊಂಡಿದ್ದ.

"ನಟ್ ಟೈಟ್ ಅದಾವಿಲ್ಲೋ?" ಅಂತ ಮೇಸ್ತ್ರಿ ಕೇಳಿದರು. "ಅದಾವ್ರಿ" ಅಂದೆ.

ಪಾನಾ ನನ್ನ ಕೈಯಲ್ಲೇ ಇತ್ತು. ಗಾಡಿ ಹತ್ತು ಹೆಜ್ಜೆ ದೂರ. ಹೋಗಿ ಒಂದೇ ಒಂದು ನಟ್‌ಗೆ ಪಾನಾ ಹಾಕಿದ್ದರೆ ಗೊತ್ತಾಗುತ್ತಿತ್ತು. ಕೆಲಸ ಬರುತ್ತಿರಲಿಲ್ಲ ಅಂತಲ್ಲ, ನೂರು ಸಲ ಮಾಡಿದ್ದೆ. ಅದಕ್ಕೇ ಬಾಯಿಗೆ ಆ ಮಾತು ಅಷ್ಟು ಸಲೀಸಾಗಿ ಬಂತು. ಕಣ್ಣಾರೆ ನೋಡದ್ದನ್ನು ನೋಡಿದವನ ಹಾಗೆ ಹೇಳಿಬಿಟ್ಟೆ.

ಅಣ್ಣಿಗೇರಿ ದಾಟಿದ ಮೇಲೆ ಗಾಲಿ ಕಳಚಿ ಕಡಲೆ ಹೊಲಕ್ಕೆ ಉರುಳಿತು. ಡ್ರೈವರ್ ಕೈ ಮುರಿಯಿತು. ಒಬ್ಬ ಹೆಣ್ಮಗಳ ತಲೆಗೆ ಏಳು ಹೊಲಿಗೆ ಬಿತ್ತು. ಜೀವ ಉಳಿದಿದ್ದು ಅವರ ಪುಣ್ಯ.

1991ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಕಾಂಟಿನೆಂಟಲ್ ಎಕ್ಸ್‌ಪ್ರೆಸ್ ವಿಮಾನ ಬಿದ್ದು 14 ಜನ ಸತ್ತರು. ಒಂದು ಶಿಫ್ಟಿನವರು ಬಾಲದ ರೆಕ್ಕೆಯ ಒಂದು ಬದಿಯಲ್ಲಿ 47 ಸ್ಕ್ರೂ ಬಿಚ್ಚಿದ್ದರು. ಮುಂದಿನ ಶಿಫ್ಟಿಗೆ ಅದು ಗೊತ್ತೇ ಆಗಲಿಲ್ಲ. ಬಾಲ ಎತ್ತರದಲ್ಲಿತ್ತು, ಕೆಳಗೆ ನಿಂತವರಿಗೆ ಕಾಣುವ ಜಾಗವಲ್ಲ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಲ್ಲಿ ಆಗಿದ್ದು ನಮ್ಮ ಗ್ಯಾರೇಜಿನ ಊಟದ ಹೊತ್ತೇ ಅಲ್ವಾ?

ಅದಕ್ಕೇ ಕಾರ್ ಗ್ಯಾರೇಜ್ ಸೇಫ್ ಅನ್ನೋದನ್ನು ನಾನು ಒಪ್ಪಲ್ಲ. ಇಷ್ಟು ಭಯ ಇರುವ ನೀವು ವಿಮಾನಕ್ಕೇ ಹೋಗಿ. ಅಲ್ಲಿ ಮಾಡಿದ ಕೆಲಸ ಬರೆದು ಸಹಿ ಹಾಕಬೇಕು. ಮುಖ್ಯವಾದ ಕೆಲಸವನ್ನು ಇನ್ನೊಬ್ಬರು ಬಂದು ನೋಡಬೇಕು. ನನಗೆ ಅಂಥ ಇನ್ನೊಬ್ಬರು ಇರಲಿಲ್ಲ. ಫೀಸು ಜಾಸ್ತಿ, ಅದನ್ನು ಮನೆಯಲ್ಲಿ ಮಾತಾಡಿಕೊಳ್ಳಿ.

ಗ್ಯಾರೇಜೇ ಅಂತಾದರೆ ಒಂದು ಮಾಡಿ. ಕೆಲಸ ಅರ್ಧಕ್ಕೆ ಬಿಟ್ಟು ಏಳುವಾಗ ಸ್ಟೇರಿಂಗಿಗೆ ಕೆಂಪು ಬಟ್ಟೆ ಕಟ್ಟಿ. ನಮ್ಮಲ್ಲಿ ಈಗ ಕಟ್ಟಿದವನೇ ಬಂದು, ಪಾನಾ ಹಾಕಿ ನೋಡಿ, ಆಮೇಲೆ ಬಿಚ್ಚುತ್ತಾನೆ.