ನಿಮ್ಮ ಪ್ರಶ್ನೆ, ನಮ್ಮ ಗ್ಲಾಸು: ಈ ಸಲ ಗಾಮೇ ದ್ರಾಕ್ಷಿಯ ರೆಡ್ ವೈನ್

ಹೋದ ಸಂಚಿಕೆಯಲ್ಲಿ ಫ್ರಾನ್ಸಿನ ಬೋಜೊಲೆ ಅನ್ನುವ ವೈನ್ ಸೀಮೆಯ ಬಗ್ಗೆ ಒಂದೇ ಒಂದು ಸಾಲು ಬರೆದಿದ್ದೆ, ಅಷ್ಟಕ್ಕೇ ಪ್ರಶ್ನೆಗಳು ಸಾಲುಗಟ್ಟಿವೆ. ಅದಕ್ಕೇ ಈ ಸಲ ಅಲ್ಲಿನ ಗಾಮೇ ದ್ರಾಕ್ಷಿ ಬಿಟ್ಟು ಬೇರೆ ಮಾತಿಲ್ಲ.

ಪ್ರಶ್ನೆ: ಮಗಳು ಲಿಯಾನ್‌ನಲ್ಲಿ ಓದುತ್ತಿದ್ದಾಳೆ. ರಜೆಗೆ ಬಂದಾಗ ಎರಡು ಬಾಟಲಿ ತಂದಳು. ಒಂದರ ಮೇಲೆ ‘ಬೋಜೊಲೆ ನೂವೋ’, ಇನ್ನೊಂದರ ಮೇಲೆ ಬರೀ ‘ಮೊರ್ಗೋನ್’ ಅಂತಿತ್ತು. ಮೊದಲನೆಯದಕ್ಕೆ ಬಾಳೆಹಣ್ಣಿನ ಘಮ, ತುಂಬಾ ಹಗುರ. ಎರಡನೆಯದು ಗಟ್ಟಿ, ಸ್ವಲ್ಪ ಒಗರು. ಎರಡೂ ಒಂದೇ ದ್ರಾಕ್ಷಿ ಅಂತಾಳೆ. ನನ್ನನ್ನು ಯಾಮಾರಿಸ್ತಿಲ್ಲ ತಾನೇ? (ಒಬ್ಬ ಅಪ್ಪ, ಬೆಂಗಳೂರು)

ಉತ್ತರ: ಇಲ್ಲ ಸರ್, ಮಗಳು ಹೇಳಿದ್ದು ನಿಜ. ಎರಡೂ ಗಾಮೇನೇ. ಮೊರ್ಗೋನ್ ಅನ್ನೋದು ಬೋಜೊಲೆಯ ಒಂದು ಊರು. ಹೆಸರುವಾಸಿ ಊರುಗಳ ವೈನಿನ ಲೇಬಲ್ ಮೇಲೆ ಊರಿನ ಹೆಸರನ್ನಷ್ಟೇ ಹಾಕುವುದು ಜಾಸ್ತಿ. ಗಾಮೇ ಅಂತ ಹುಡುಕಿದರೆ ಎಷ್ಟೋ ಸಲ ಸಿಗುವುದೇ ಇಲ್ಲ.

ವ್ಯತ್ಯಾಸ ಬರುವುದು ಮಾಡುವ ರೀತಿಯಲ್ಲಿ. ಬೋಜೊಲೆಯಲ್ಲಿ ಹಳೆಯ ಪದ್ಧತಿ ಏನೆಂದರೆ ದ್ರಾಕ್ಷಿಯನ್ನು ಜಜ್ಜುವುದಿಲ್ಲ, ತೊಟ್ಟು ಬಿಡಿಸುವುದಿಲ್ಲ, ಇಡೀ ಗೊಂಚಲುಗಳನ್ನೇ ತೊಟ್ಟಿಗೆ ತುಂಬಿ ಮುಚ್ಚುತ್ತಾರೆ. ತಳದ ಹಣ್ಣು ಭಾರಕ್ಕೆ ಒಡೆದು ರಸ ಹುದುಗುತ್ತದೆ, ಅದರಿಂದ ಬರುವ ಕಾರ್ಬನ್ ಡೈಆಕ್ಸೈಡ್ ತೊಟ್ಟಿಯೆಲ್ಲ ತುಂಬಿಕೊಳ್ಳುತ್ತದೆ, ಆಗ ಗಾಳಿಯಿಲ್ಲದೆ ಉಳಿದ ಮೇಲಿನ ಹಣ್ಣುಗಳು ಸಿಪ್ಪೆ ಒಡೆಯದೆ ಒಳಗೊಳಗೇ ಹುದುಗಲು ಶುರುಮಾಡುತ್ತವೆ. ಬಣ್ಣ ಬರುತ್ತದೆ, ಹಣ್ಣಿನ ಘಮ ಬರುತ್ತದೆ, ಒಗರು ಮಾತ್ರ ಅಷ್ಟಾಗಿ ಬರುವುದಿಲ್ಲ. ನೂವೋ ಅಂದರೆ ಆ ವರ್ಷದ ಹೊಸ ವೈನ್, ಅದಕ್ಕೆ ಇದನ್ನು ಕೆಲವೇ ದಿನಗಳಲ್ಲಿ ಮುಗಿಸುತ್ತಾರೆ. ಯಾಕೆಂದರೆ ನವೆಂಬರ್ ತಿಂಗಳ ಮೂರನೇ ಗುರುವಾರ ಅದು ಅಂಗಡಿಯಲ್ಲಿರಲೇಬೇಕು, ಕೊಯ್ಲು ಮುಗಿದು ಎರಡು ತಿಂಗಳೂ ಆಗಿರುವುದಿಲ್ಲ ಕೆಲವು ವರ್ಷ. ನಿಮಗೆ ಬಂದ ಬಾಳೆಹಣ್ಣಿನ ಘಮಕ್ಕೆ ಐಸೊಅಮೈಲ್ ಅಸಿಟೇಟ್ ಕಾರಣ. ಬಾಳೆಹಣ್ಣಿನಲ್ಲಿ ಇರುವುದೂ ಅದೇ. ಮೊರ್ಗೋನ್‌ನವರು ಗೊಂಚಲನ್ನು ತೊಟ್ಟಿಯಲ್ಲಿ ಇನ್ನೂ ಜಾಸ್ತಿ ದಿನ ಬಿಡುತ್ತಾರೆ, ಆಮೇಲೆ ತಿಂಗಳುಗಟ್ಟಲೆ ಕಾಯುತ್ತಾರೆ.

ನೂವೋ ಕುಡಿದು ಗಾಮೇ ಇಷ್ಟೇ ಅಂತ ತೀರ್ಮಾನಿಸಿದವರು ಬಹಳ ಮಂದಿ. ಈ ದ್ರಾಕ್ಷಿಗೆ ಕೆಟ್ಟ ಹೆಸರು ಹೊಸದೇನೂ ಅಲ್ಲ. 1395ರಲ್ಲೇ ಬರ್ಗಂಡಿಯ ಡ್ಯೂಕ್ ಫಿಲಿಪ್ ‘ಗಾಮೇ ಬಳ್ಳಿ ಕಿತ್ತು ಹಾಕಿ’ ಅಂತ ಆಜ್ಞೆ ಮಾಡಿದ್ದ. ಅವನಿಗೆ ಬೇಕಿದ್ದದ್ದು ಪಿನೋ ನ್ವಾರ್ ಅನ್ನುವ ದ್ರಾಕ್ಷಿ. ಈಗ ಡಿಎನ್‌ಎ ಪರೀಕ್ಷೆ ಮಾಡಿ ನೋಡಿದರೆ ಗಾಮೇ ಆ ಪಿನೋ ನ್ವಾರ್‌ನದ್ದೇ ಮಗು! ಬರ್ಗಂಡಿಯಿಂದ ಓಡಿಸಿದ ಬಳ್ಳಿ ದಕ್ಷಿಣಕ್ಕಿರುವ ಬೋಜೊಲೆಯ ಬಡ ಗ್ರಾನೈಟ್ ಮಣ್ಣಿನಲ್ಲಿ ಚೆನ್ನಾಗಿ ನೆಲೆಯೂರಿತು. ಸುಮ್ನೆ ಬಿಟ್ಟರೆ ವಿಪರೀತ ಹಣ್ಣು ಬಿಡುವ ಬಳ್ಳಿ ಅದು, ಬಡ ಮಣ್ಣೇ ಅದಕ್ಕೆ ಕಡಿವಾಣ.

ಪ್ರಶ್ನೆ: ನಾವು ಜಿನೀವಾದಲ್ಲಿ ಇರುವವರು. ಐದಾರು ಜನ ಕನ್ನಡದ ಸ್ನೇಹಿತರು ಸೇರಿ ಬೇರೆ ಬೇರೆ ಗಾಮೇ ಕುಡಿದು ಹೋಲಿಸಿ ನೋಡೋಣ ಅಂತಿದ್ದೇವೆ. ಬೋಜೊಲೆಯಲ್ಲಿ ಹೆಸರುವಾಸಿ ಊರು, ಜಾಗ ಅಂತ ಹತ್ತು ಇವೆಯಂತೆ. ಹತ್ತೂ ತರಬೇಕಾ? ಹೇಗೆ ಶುರುಮಾಡೋದು?

ಉತ್ತರ: ಅದೃಷ್ಟವಂತರು ನೀವು. ಬೋಜೊಲೆಗೆ ಕಾರಲ್ಲಿ ಎರಡು ಗಂಟೆ ಆಸುಪಾಸು. ಅದೂ ಬೇಡ, ಜಿನೀವಾದ ತೋಟಗಳಲ್ಲೇ ಗಾಮೇ ಬೇಕಾದಷ್ಟಿದೆ.

ಹತ್ತೂ ತರಬೇಡಿ. ಐದನೇ ಗ್ಲಾಸಿನ ಹೊತ್ತಿಗೆ ನಾಲಿಗೆ ಸುಸ್ತಾಗಿರುತ್ತದೆ, ಮಾತು ಮಾತ್ರ ಜೋರಾಗಿರುತ್ತದೆ. ನಾಲ್ಕು ಸಾಕು. ಆದರೆ ಆರಿಸುವಾಗ ಒಂದು ವಿಷಯ ನೋಡಿಕೊಳ್ಳಿ. ಜನ ಸಾಮಾನ್ಯವಾಗಿ ಒಬ್ಬ ತಯಾರಕರ ಫ್ಲೂರಿ, ಇನ್ನೊಬ್ಬರ ಮೊರ್ಗೋನ್, ಮತ್ತೊಬ್ಬರ ಬ್ರೂಯಿ ತಂದು, ಅದೂ ಬೇರೆ ಬೇರೆ ವರ್ಷದ್ದು, ಕೊನೆಗೆ ‘ಫ್ಲೂರಿ ಮಣ್ಣು ಹೀಗೆ, ಮೊರ್ಗೋನ್ ಮಣ್ಣು ಹಾಗೆ’ ಅಂತ ಹೇಳಿಬಿಡುತ್ತಾರೆ. ಎರಡು ಮನೆಯ ಸಾರು ಕುಡಿದು ಬೇಳೆ ಬಗ್ಗೆ ತೀರ್ಪು ಕೊಟ್ಟ ಹಾಗೆ ಇದು. ಮಾಡಿದವರ ಕೈ ಯಾವುದು, ಮಣ್ಣಿನ ಗುಣ ಯಾವುದು ಅಂತ ಗೊತ್ತೇ ಆಗುವುದಿಲ್ಲ.

ಅದಕ್ಕೇ ಮೊದಲ ಜೋಡಿ ಒಬ್ಬರದ್ದೇ, ಒಂದೇ ವರ್ಷದ್ದು, ಎರಡು ಊರಿನದ್ದು ಇರಲಿ. ಬೋಜೊಲೆಯ ಬಹಳ ಜನಕ್ಕೆ ಒಂದಕ್ಕಿಂತ ಹೆಚ್ಚು ಊರಲ್ಲಿ ತೋಟ ಇರುತ್ತದೆ. ಜ್ಯಾಂ ಫೊಯಾರ್ ಅನ್ನುವ ತಯಾರಕರದ್ದು ಮೊರ್ಗೋನ್ ಇದೆ, ಫ್ಲೂರಿಯೂ ಇದೆ. ಇಲ್ಲಿ ಕಾಣುವ ವ್ಯತ್ಯಾಸವನ್ನು ಧೈರ್ಯವಾಗಿ ಊರಿನ ಲೆಕ್ಕಕ್ಕೆ ಹಾಕಬಹುದು. ಫ್ಲೂರಿಯಲ್ಲಿ ಗುಲಾಬಿ ಬಣ್ಣದ ಗ್ರಾನೈಟ್, ವೈನಿಗೆ ಹೂವಿನ ಘಮ, ಮೆತ್ತಗೆ ಇಳಿಯುತ್ತದೆ. ಮೊರ್ಗೋನ್‌ನ ಕೋಟ್ ದ್ಯು ಪೀ ಗುಡ್ಡದಲ್ಲಿ ನೀಲಿ ಛಾಯೆಯ, ಪುಡಿಪುಡಿಯಾಗುವ ಕಲ್ಲು. ಅಲ್ಲಿನದ್ದು ಚೆರ್ರಿಯ ಕಡೆಗೆ ವಾಲುತ್ತದೆ, ಬಾಯಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತದೆ.

ಎರಡನೇ ಜೋಡಿ ಕೈ ನೋಡಲಿಕ್ಕೆ. ಮಾರ್ಸೆಲ್ ಲಾಪಿಯೇರ್ ಮನೆತನದ ಮೊರ್ಗೋನ್ ಒಂದು, ಶಾತೋ ದೆ ಜಾಕ್ ಅವರ ಮೊರ್ಗೋನ್ ಒಂದು. ಲಾಪಿಯೇರ್ 2010ರಲ್ಲಿ ತೀರಿಕೊಂಡರು, ಮನೆಯವರು ನಡೆಸುತ್ತಿದ್ದಾರೆ. ಜೂಲ್ ಶೋವೆ ಅಂತ ಒಬ್ಬರು ವೈನ್ ವ್ಯಾಪಾರಿ, ರಸಾಯನಶಾಸ್ತ್ರವನ್ನೂ ಬಲ್ಲವರು, ಅವರ ದಾರಿ ಹಿಡಿದು ಲಾಪಿಯೇರ್ ಮನೆಯವರು ಇಡೀ ಗೊಂಚಲು ಹಾಕುತ್ತಾರೆ, ಹಣ್ಣಿನ ಮೇಲೆ ತಾನಾಗಿ ಇರುವ ಯೀಸ್ಟನ್ನೇ ನಂಬುತ್ತಾರೆ, ವೈನ್ ಕೆಡದಿರಲಿ ಅಂತ ಹಾಕುವ ಗಂಧಕ ಆದಷ್ಟು ಕಡಿಮೆ. ಶಾತೋ ದೆ ಜಾಕ್ ಬರ್ಗಂಡಿಯ ಲೂಯಿ ಜಾದೋ ಕಂಪನಿಯದ್ದು. ಅವರು ತೊಟ್ಟು ಬಿಡಿಸಿ, ಓಕ್ ಪೀಪಾಯಿಯಲ್ಲಿಟ್ಟು, ಬರ್ಗಂಡಿಯ ರೀತಿಯಲ್ಲೇ ಮಾಡುತ್ತಾರೆ. ಊರು ಒಂದೇ, ದ್ರಾಕ್ಷಿ ಒಂದೇ, ವರ್ಷವೂ ಒಂದೇ ಇರುವಂತೆ ನೋಡಿಕೊಳ್ಳಿ. ನನ್ನನ್ನು ಕೇಳಿದರೆ ಊರಿನ ವ್ಯತ್ಯಾಸಕ್ಕಿಂತ ಈ ಜೋಡಿಯ ವ್ಯತ್ಯಾಸವೇ ದೊಡ್ಡದು. ನಿಮ್ಮ ಗುಂಪಲ್ಲಿ ಇದರ ಬಗ್ಗೆ ಜಗಳ ಆದರೆ ಒಳ್ಳೆಯದೇ, ಅದಕ್ಕೇ ಅಲ್ವಾ ಸೇರುವುದು?

ಬಾಟಲಿಗಳಿಗೆ ಪೇಪರ್ ಸುತ್ತಿ ನಂಬರ್ ಹಾಕಿ. ಗ್ಲಾಸುಗಳು ಒಂದೇ ಆಕಾರದವು ಇರಲಿ. ಸ್ವಲ್ಪ ಸ್ವಲ್ಪ ಸುರಿದುಕೊಂಡು, ಅರ್ಧ ಗಂಟೆ ಬಿಟ್ಟು ಮತ್ತೆ ಮೂಸಿ ನೋಡಿ. ಕಡಿಮೆ ಗಂಧಕದ ಬಾಟಲಿಗಳು ತೆಗೆದ ತಕ್ಷಣ ಒಂದು ಥರ ಇರುತ್ತವೆ, ಗಾಳಿ ಆಡಿದ ಮೇಲೆ ಇನ್ನೊಂದು ಥರ.

ಪ್ರಶ್ನೆ: ವೈನ್ ಹಳೆಯದಾದಷ್ಟೂ ಒಳ್ಳೆಯದು ಅಂತಾರಲ್ಲ, ಉಡುಗೊರೆ ಬಂದ ಒಂದು ಬೋಜೊಲೆ ನೂವೋ ಬೀರುವಿನಲ್ಲಿ ಜೋಪಾನವಾಗಿ ಇಟ್ಟಿದ್ದೇನೆ. ಯಾವಾಗ ತೆಗೆಯಲಿ? (ಹುಬ್ಬಳ್ಳಿ)

ಉತ್ತರ: ಇವತ್ತು ರಾತ್ರಿ. ನೂವೋ ಹೊಸದರಲ್ಲೇ ಚೆಂದ. ಇಡಬೇಕು ಅನ್ನುವ ಆಸೆ ಇದ್ದರೆ ಬೋಜೊಲೆಯದ್ದೇ ಮೂಲ್ಯಾಂ-ಆ-ವಾಂ ಪ್ರದೇಶದ್ದು ತೆಗೆದುಕೊಳ್ಳಿ. ಅಲ್ಲಿನ ಮಣ್ಣಿನಲ್ಲಿ ಮ್ಯಾಂಗನೀಸ್ ಇದೆ, ವೈನಿಗೆ ಗಟ್ಟಿತನ ಜಾಸ್ತಿ, ಒಳ್ಳೆಯ ವರ್ಷದ್ದು 10 ವರ್ಷ ಆರಾಮಾಗಿ ಇರುತ್ತದೆ. ಆದರೆ ಬೀರುವಿನಲ್ಲಿ ಅಲ್ಲ. ಹುಬ್ಬಳ್ಳಿಯ ಏಪ್ರಿಲ್ ಬಿಸಿಲಿಗೆ ಬೀರುವಿನೊಳಗೆ ಯಾವ ವೈನೂ ಬದುಕುವುದಿಲ್ಲ.

ಪ್ರಶ್ನೆ: ರೆಡ್ ವೈನ್ ಫ್ರಿಜ್‌ನಲ್ಲಿ ಇಟ್ಟರೆ ತಪ್ಪಾ? ಮತ್ತೆ ನಮ್ಮ ಕೋರಿ ಸುಕ್ಕದ ಜೊತೆ ಗಾಮೇ ಹೊಂದುತ್ತದಾ? (ಮಂಗಳೂರು)

ಉತ್ತರ: ತಪ್ಪೇನಿಲ್ಲ, ಗಾಮೇಗೆ ಫ್ರಿಜ್ ಬೇಕೇ ಬೇಕು. ರೆಡ್ ವೈನ್ ರೂಮ್ ಟೆಂಪರೇಚರ್‌ನಲ್ಲಿರಲಿ ಅನ್ನುವವರು ಹೇಳಿದ್ದು ಯುರೋಪಿನ ಹಳೆಯ ಚಳಿ ಮನೆಗಳ ಕೋಣೆಯನ್ನು, ಮಂಗಳೂರಿನ ಹಾಲನ್ನಲ್ಲ. ಹಗುರವಾದ ಗಾಮೇಗೆ 12ರಿಂದ 14 ಡಿಗ್ರಿ, ಮೊರ್ಗೋನ್, ಮೂಲ್ಯಾಂ-ಆ-ವಾಂ ಥರದ್ದಕ್ಕೆ 15ರ ಹತ್ತಿರ. ಫ್ರಿಜ್‌ನಲ್ಲಿ ಒಂದು, ಒಂದೂವರೆ ಗಂಟೆ ಇಡಿ. ಅವಸರ ಇದ್ದರೆ ಐಸ್ ಮತ್ತು ನೀರು ಹಾಕಿದ ಬಕೆಟ್‌ನಲ್ಲಿ ಕಾಲು ಗಂಟೆ.

ಸುಕ್ಕಕ್ಕೆ ಚೆನ್ನಾಗಿ ಹೊಂದುತ್ತದೆ. ಖಾರದ ಊಟಕ್ಕೆ ಒಗರು ಜಾಸ್ತಿ ಇರುವ ವೈನ್ ಕುಡಿದರೆ ಉರಿ ಇನ್ನೂ ಏರುತ್ತದೆ, ಆಲ್ಕೋಹಾಲ್ ಜಾಸ್ತಿ ಇದ್ದರೂ ಅಷ್ಟೇ. ಗಾಮೇಯಲ್ಲಿ ಒಗರು ಕಡಿಮೆ, ಹುಳಿ ಚುರುಕಾಗಿರುತ್ತದೆ. ಲೇಬಲ್‌ನಲ್ಲಿ ಆಲ್ಕೋಹಾಲ್ ಎಷ್ಟಿದೆ ನೋಡಿ, 12.5ರ ಆಸುಪಾಸಿನದ್ದು ತೆಗೆದುಕೊಳ್ಳಿ. ಈಚಿನ ಬಿಸಿಲಿನ ವರ್ಷಗಳಲ್ಲಿ 14ಕ್ಕೆ ಹೋದದ್ದೂ ಇದೆ, ಅದು ಸುಕ್ಕಕ್ಕೆ ಬೇಡ. ಲಿಯಾನ್‌ನ ಹಳೇ ಊಟದ ಮನೆಗಳಲ್ಲಿ ಹಂದಿ ಮಾಂಸದ ಸಾಸೇಜ್ ಜೊತೆ 46 ಸೆಂಟಿಲೀಟರ್‌ನ ದಪ್ಪ ತಳದ ಬಾಟಲಿಯಲ್ಲಿ ಇದನ್ನೇ ತಂದಿಡುತ್ತಾರೆ. ಆ ಲೆಕ್ಕದಲ್ಲಿ ನಿಮ್ಮ ಕಡೆಯ ದುಕ್ರ ಮಾಸಕ್ಕೂ ಧೈರ್ಯವಾಗಿ ಹಾಕಿಕೊಳ್ಳಬಹುದು. ಬಂಗುಡೆ ಜೊತೆ ಮಾತ್ರ ಬೇಡ, ಎಣ್ಣೆ ಮೀನಿಗೆ ರೆಡ್ ವೈನ್ ಸೇರಿದರೆ ಬಾಯಲ್ಲಿ ಕಬ್ಬಿಣ ನೆಕ್ಕಿದ ರುಚಿ ಬರುತ್ತದೆ.

ಪ್ರಶ್ನೆ: ಇಲ್ಲಿ ಒಬ್ಬರ ಮನೆಯಲ್ಲಿ ‘ನಾಪಾ ಗಾಮೇ’ ಅಂತ ಬರೆದ ಹಳೆಯ ಬಾಟಲಿ ನೋಡಿದೆ. ಅದೂ ಬೋಜೊಲೆಯ ದ್ರಾಕ್ಷಿನೇನಾ? (ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ)

ಉತ್ತರ: ಅಲ್ಲ. ಅದು ವಾಲ್ದಿಗಿಯೇ ಅನ್ನುವ ಬೇರೆಯೇ ದ್ರಾಕ್ಷಿ, ಮೂಲ ನೈಋತ್ಯ ಫ್ರಾನ್ಸ್. ತಮಾಷೆ ಏನೆಂದರೆ ಅದೇ ಕ್ಯಾಲಿಫೋರ್ನಿಯಾದಲ್ಲಿ ‘ಗಾಮೇ ಬೋಜೊಲೆ’ ಅಂತ ಬೆಳೆಯುತ್ತಿದ್ದದ್ದು ಪಿನೋ ನ್ವಾರ್‌ನ ಒಂದು ತಳಿ. ಎರಡೂ ಹೆಸರುಗಳನ್ನು ಈಗ ಲೇಬಲ್ ಮೇಲೆ ಹಾಕುವಂತಿಲ್ಲ. ನಿಮ್ಮ ಕಡೆ ನಿಜವಾದ ಗಾಮೇ ಬೇಕಿದ್ದರೆ ಒರೆಗಾನ್‌ನಲ್ಲಿ ಮಾಡುತ್ತಾರೆ, ‘ಗಾಮೇ ನ್ವಾರ್’ ಅಂತ ಬರೆದಿರುವುದನ್ನು ನೋಡಿ ತೆಗೆದುಕೊಳ್ಳಿ.