ಸೀನಿಯರ್ ತಿಂಗಳಿಗೆ 3,000 ಕೊಡ್ತಾರೆ, ವಕೀಲಿಕೆ ಬಿಟ್ಟುಬಿಡಲಾ?

ಪ್ರಶ್ನೆ: ಅಕ್ಕಾ, ನಮಸ್ಕಾರ. ನಮ್ಮದು ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕು. ಎಲ್‌ಎಲ್‌ಬಿ ಮುಗಿಸಿ, ಸನದು (ವಕೀಲರ ನೋಂದಣಿ) ಮಾಡಿಸಿ, ಕಲಬುರಗಿಯಲ್ಲಿ ಒಬ್ಬ ಸೀನಿಯರ್ ಹತ್ತಿರ ಹತ್ತು ತಿಂಗಳಿಂದ ಇದ್ದೇನೆ. ತಿಂಗಳಿಗೆ 3,000 ರೂಪಾಯಿ ಕೊಡುತ್ತಾರೆ, ಅದೂ ನೆನಪಾದರೆ. ರೂಮಿನ ಬಾಡಿಗೆಗೂ ಸಾಲುವುದಿಲ್ಲ. ನನ್ನ ಜೊತೆ ಡಿಗ್ರಿ ಮಾಡಿದವರು ಬೆಂಗಳೂರಿನಲ್ಲಿ ಕಂಪನಿ ಸೇರಿ ಮನೆಗೆ ದುಡ್ಡು ಕಳಿಸುತ್ತಿದ್ದಾರೆ, ನನಗೆ ಇನ್ನೂ ಅಪ್ಪನೇ ಕಳಿಸುತ್ತಾರೆ. ಊರಿಗೆ ಹೋದರೆ ‘ವಕೀಲ ಸಾಹೇಬ್ರು ಬಂದ್ರು’ ಅಂತಾರೆ, ತಲೆ ಎತ್ತಲಾಗುವುದಿಲ್ಲ. ಬಿಟ್ಟುಬಿಡಲಾ?
– ಹೆಸರು ಬೇಡ, ಕಲಬುರಗಿ

ಉತ್ತರ: ತಮ್ಮಾ, ತಲೆ ಎತ್ತಿಕೊಂಡೇ ಊರಿಗೆ ಹೋಗು. ತಪ್ಪು ನಿನ್ನದಲ್ಲ. ಬೆಳಗ್ಗೆಯಿಂದ ಸಂಜೆವರೆಗೆ ಕೋರ್ಟ್ ಹಾಲಿಂದ ಕೋರ್ಟ್ ಹಾಲಿಗೆ ಓಡುವ ಹುಡುಗನಿಗೆ ಊಟ, ಬಾಡಿಗೆ ಆಗುವಷ್ಟೂ ಕೊಡದಿರುವುದು ನಮ್ಮ ವೃತ್ತಿಯ ಹಳೇ ಕೆಟ್ಟ ರೂಢಿ. ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಜೂನಿಯರ್‌ಗಳಿಗೆ ನಗರದಲ್ಲಿ ಕನಿಷ್ಠ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಿ ಅಂತ ಸುತ್ತೋಲೆ ಕಳಿಸಿತು. ಆದರೆ ಅದು ಸಲಹೆ, ಕಡ್ಡಾಯ ಅಲ್ಲ. ಇದನ್ನು ಓದುವ ಸೀನಿಯರ್‌ಗಳಿಗೆ ಕೈಮುಗಿದು ಹೇಳುತ್ತೇನೆ, ಅಷ್ಟು ಆಗದಿದ್ದರೂ ಆಗುವಷ್ಟನ್ನು ತಿಂಗಳ ಮೊದಲ ವಾರ ಕೈಗಿಡಿ, ಹುಡುಗರು ಬಾಯಿಬಿಟ್ಟು ಕೇಳುವ ಹಾಗೆ ಮಾಡಬೇಡಿ.

ನಾನು ಸನದು ಮಾಡಿಸಿದ್ದು 2008ರಲ್ಲಿ, ಕಲಬುರಗಿಗೆ ಹೈಕೋರ್ಟಿನ ಸಂಚಾರಿ ಪೀಠ ಬಂದ ವರ್ಷ. ಮೊದಲ ಒಂದೂವರೆ ವರ್ಷ ನನಗೆ ಸಿಕ್ಕಿದ್ದು ಬಸ್ ಚಾರ್ಜು ಮತ್ತು ಚಹಾ. ಕೇಳದೆ ಇರುವುದೇ ಗೌರವ ಅಂದುಕೊಂಡಿದ್ದೆ. ಅದು ತಪ್ಪು. ನೀನು ಕೇಳು. ಸಂಜೆ ಆಫೀಸಿನಲ್ಲಿ ಕಕ್ಷಿದಾರರೆಲ್ಲ ಎದ್ದು ಹೋದ ಮೇಲೆ, ‘ಸರ್, ಇಷ್ಟು ಖರ್ಚು ಬರುತ್ತೆ, ಇಷ್ಟಾದರೂ ಬೇಕು’ ಅಂತ ನೇರವಾಗಿ ಹೇಳು.

ಆದರೆ ಇನ್ನೊಂದು ವಿಷಯ ದುಡ್ಡಿಗಿಂತ ದೊಡ್ಡದು. ಈ ಹತ್ತು ತಿಂಗಳಲ್ಲಿ ನಿನ್ನ ಕೈಯಿಂದ ಏನು ಕೆಲಸ ಆಗಿದೆ? ಸುಮ್ನೆ ಫೈಲು ಹೊತ್ತು, ಟೈಮ್ ಕೇಳಿ, ಡೈರಿಯಲ್ಲಿ ಮುಂದಿನ ತಾರೀಖು ಬರೆದುಕೊಂಡು ಬಂದಿದ್ದಷ್ಟೇ ಆದರೆ, ಬಿಡಬೇಕಾದ್ದು ಆ ಆಫೀಸನ್ನು, ವಕೀಲಿಕೆಯನ್ನಲ್ಲ. ದಾವೆ ಬರೆಯಲು ಕೊಡುತ್ತಾರಾ, ಬರೆದಿದ್ದನ್ನು ತಿದ್ದುತ್ತಾರಾ, ಕ್ರಾಸ್ (ಪಾಟಿ ಸವಾಲು) ಮಾಡುವಾಗ ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಾರಾ? ಹೌದು ಅನ್ನುವುದಾದರೆ ದುಡ್ಡಿನ ಮಾತು ಮುಗಿಸಿಕೊಂಡು ಇನ್ನೊಂದು ವರ್ಷ ಅಲ್ಲೇ ಇರು.

ಕೈಖರ್ಚಿಗೆ ದಾರಿಗಳಿವೆ. ಬ್ಯಾಂಕ್ ಸಾಲಕ್ಕೆ ಜಮೀನಿನ ಸರ್ಚ್ ರಿಪೋರ್ಟ್ (ದಾಖಲೆ ಪರಿಶೀಲನೆಯ ವರದಿ) ಬೇಕಲ್ವಾ, ಬ್ಯಾಂಕಿನ ಪ್ಯಾನಲ್ ವಕೀಲರಿಗೆ ಉಪನೋಂದಣಿ ಕಚೇರಿಗೆ ಓಡಾಡಿ, ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ, ಪಹಣಿ ತಾಳೆ ನೋಡುವ ಹುಡುಗರು ಬೇಕು. ನಿನಗೆ ಉರ್ದು ಓದಲು ಬಂದರೆ ಇನ್ನೂ ಒಳ್ಳೇದು. ಒಮ್ಮೆ ಒಂದು ಪಾಲಿನ ದಾವೆಯಲ್ಲಿ ನಿಜಾಮರ ಕಾಲದ ಕಾಗದ ಬಂತು. ಮಡಿಕೆಯಲ್ಲೆಲ್ಲ ಹರಿದಿತ್ತು, ಪೂರ್ತಿ ಉರ್ದು. ನಾವು ನಾಲ್ಕು ಜನ ಅದನ್ನು ಹಿಡಿದು ನಿಂತಿದ್ದಾಗ ಟೈಪಿಸ್ಟ್ ಪಕ್ಕ ಕೂತಿದ್ದ ಒಬ್ಬ ಜೂನಿಯರ್ ಹುಡುಗ ಎದ್ದು ಬಂದು, ಬೆರಳಿಟ್ಟು ಓದುತ್ತಾ ಸರ್ವೆ ನಂಬರು, ಎಕರೆ, ಗುಂಟೆ, ಕಕ್ಷಿದಾರನ ಮುತ್ತಜ್ಜನ ಹೆಸರು ಎಲ್ಲಾ ಹೇಳಿಬಿಟ್ಟ. ಸಂಜೆಯೊಳಗೆ ಮೂವರು ವಕೀಲರು ಅವನ ಮೊಬೈಲ್ ನಂಬರ್ ಬರೆದುಕೊಂಡಿದ್ದರು. ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ನಮ್ಮ ಭಾಗದ ಜಿಲ್ಲೆಗಳಲ್ಲಿ ಇಂಥ ಕಾಗದಗಳ ಮೇಲೆ ಇವತ್ತಿಗೂ ಜಮೀನಿನ ಜಗಳ ನಡೆಯುತ್ತೆ.

ಸಂಬಳವೇ ಬೇಕು, ಮನೆಯ ಪರಿಸ್ಥಿತಿ ಕಾಯುವಂತಿಲ್ಲ ಅಂದರೆ ಅದಕ್ಕೂ ನಾಚಿಕೆ ಬೇಡ. ಬ್ಯಾಂಕುಗಳ ಲಾ ಆಫೀಸರ್ ಹುದ್ದೆಗೆ ಐಬಿಪಿಎಸ್ (ಬ್ಯಾಂಕ್ ನೇಮಕಾತಿ ಸಂಸ್ಥೆ) ಪರೀಕ್ಷೆ ಇದೆ. ಸನದು ಇರಬೇಕು, ವಯಸ್ಸು ಸಾಮಾನ್ಯ ವರ್ಗಕ್ಕೆ 30ರ ಒಳಗೆ. ಮೂಲ ವೇತನವೇ 48,480ರಿಂದ ಶುರು, ಭತ್ಯೆ ಬೇರೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಬಡ ಆರೋಪಿಗಳ ಪರ ವಾದಿಸುವ ಅಸಿಸ್ಟೆಂಟ್ ಡಿಫೆನ್ಸ್ ಕೌನ್ಸೆಲ್ ಕೆಲಸಕ್ಕೆ ಹೊಸಬರನ್ನೂ ತೆಗೆದುಕೊಳ್ಳುತ್ತಾರೆ. ಗುತ್ತಿಗೆ ಕೆಲಸ, ಖಾಸಗಿ ಕೇಸು ಹಿಡಿಯುವಂತಿಲ್ಲ, ಆದರೆ ಕ್ರಿಮಿನಲ್ ಕೋರ್ಟಿನಲ್ಲಿ ಇಷ್ಟು ಬೇಗ ಬಾಯಿ ಬಿಡಿಸುವ ಜಾಗ ಬೇರೆ ನನಗೆ ಗೊತ್ತಿಲ್ಲ. ರಾಜ್ಯ ಸರ್ಕಾರದ ಹುದ್ದೆಗಳಿಗೆ ಅರ್ಜಿ ಹಾಕುವಾಗ ನಮ್ಮ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371(ಜೆ) ಪ್ರಮಾಣಪತ್ರ ಮರೆಯಬೇಡ. ಒಂದು ಎಚ್ಚರಿಕೆ: ಬ್ಯಾಂಕು, ಕಂಪನಿಯ ಪೂರ್ಣಾವಧಿ ಸಂಬಳದ ಕೆಲಸ ಸೇರಿದರೆ ರಾಜ್ಯ ವಕೀಲರ ಪರಿಷತ್ತಿಗೆ ತಿಳಿಸಿ ವಕೀಲಿಕೆ ನಿಲ್ಲಿಸಬೇಕು. ಎರಡೂ ಒಟ್ಟಿಗೆ ನಡೆಸುವಂತಿಲ್ಲ.

ಪ್ರಶ್ನೆ: ಮೇಡಂ, ನಾನು ಐದು ವರ್ಷದ ಕಾನೂನು ಕೋರ್ಸಿನ ಕೊನೆಯ ವರ್ಷದಲ್ಲಿದ್ದೇನೆ. ಸಿವಿಲ್ ಜಡ್ಜ್ ಆಗುವ ಆಸೆ. ಮೂರು ವರ್ಷ ಪ್ರಾಕ್ಟೀಸ್ ಕಡ್ಡಾಯ ಅಂತ ಕೇಳಿ ಕೈಕಾಲು ಆಡುತ್ತಿಲ್ಲ. ಅಮ್ಮ ‘ಮನೆಯಲ್ಲೇ ಕೂತು ಓದು, ಕೋರ್ಟು ಗೀರ್ಟು ಬೇಡ’ ಅಂತಾರೆ.
– ವಿದ್ಯಾರ್ಥಿನಿ, ಬೀದರ್

ಉತ್ತರ: ತಂಗಿ, 2025ರ ಮೇ 20ರಂದು ಸುಪ್ರೀಂ ಕೋರ್ಟ್ ಹಾಗೆ ತೀರ್ಪು ಕೊಟ್ಟಿದ್ದು ನಿಜ. ನಿನ್ನಂಥ ಹೆಣ್ಣುಮಕ್ಕಳಿಗೆ ಆ ಮೂರು ವರ್ಷ ಎಷ್ಟು ಭಾರ ಅಂತ ನನಗೆ ಗೊತ್ತು. ಮನೆಯಲ್ಲಿ ಮದುವೆ ಮಾತು ಶುರುವಾಗುವುದೂ ಅದೇ ಹೊತ್ತಿಗೆ. ಆದ್ದರಿಂದ ಒಂದು ದಿನವೂ ಹಾಳು ಮಾಡಬೇಡ. ಆ ಮೂರು ವರ್ಷದ ಲೆಕ್ಕ ಎಐಬಿಇ (ವಕೀಲರ ಅಖಿಲ ಭಾರತ ಪರೀಕ್ಷೆ) ಪಾಸಾದ ದಿನದಿಂದಲ್ಲ, ತಾತ್ಕಾಲಿಕ ನೋಂದಣಿಯ ದಿನದಿಂದಲೇ ಶುರು. ಫಲಿತಾಂಶ ಬಂದ ಕೂಡಲೇ ನೋಂದಣಿ ಮಾಡಿಸು. ಪ್ರಾಕ್ಟೀಸ್ ಮಾಡಿದ್ದಕ್ಕೆ ಕನಿಷ್ಠ ಹತ್ತು ವರ್ಷ ಅನುಭವದ ವಕೀಲರ ಪ್ರಮಾಣಪತ್ರ ಬೇಕು, ಅದಕ್ಕೆ ನ್ಯಾಯಾಧೀಶರ ದೃಢೀಕರಣವೂ ಆಗಬೇಕು. ಹಾಗಾಗಿ ನಿನ್ನ ಹೆಸರಿರುವ ವಕಾಲತ್ತು, ಆರ್ಡರ್ ಶೀಟಿನ ನಕಲು ಮೊದಲ ದಿನದಿಂದಲೇ ಒಂದು ಫೈಲಿನಲ್ಲಿ ಹಾಕುತ್ತಾ ಹೋಗು. ನ್ಯಾಯಮೂರ್ತಿಗಳ ಹತ್ತಿರ ಲಾ ಕ್ಲರ್ಕ್ ಆಗಿ ಮಾಡಿದ ಕೆಲಸವೂ ಅನುಭವಕ್ಕೆ ಸೇರುತ್ತೆ, ಹೈಕೋರ್ಟಿನ ಪ್ರಕಟಣೆಗಳನ್ನು ನೋಡುತ್ತಿರು.

ಸಂಜೆ ಎರಡು ತಾಸು ಓದು, ಅದರಲ್ಲಿ ಅನುವಾದದ ಪತ್ರಿಕೆಗೆ ದಿನಾ ಒಂದು ಪುಟ. ಸಾಕ್ಷಿ ಹೇಳಿಕೆಯನ್ನು ಕನ್ನಡದಿಂದ ಇಂಗ್ಲಿಷಿಗೆ, ತೀರ್ಪನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡಬೇಕು. ಕೋರ್ಟಿನಲ್ಲಿ ಕೂತು ಸಾಕ್ಷಿ ಕೇಳಿದವರಿಗೆ ಅದು ಸಲೀಸು. ಅಮ್ಮನಿಗೆ ಸಂಬಳವನ್ನೂ ಹೇಳು: ಸಿವಿಲ್ ಜಡ್ಜ್ ಮೂಲ ವೇತನ ಶುರುವಾಗುವುದೇ 77,840ರಿಂದ. ಒಂದು ದಿನ ಅವರನ್ನು ಕೋರ್ಟಿಗೆ ಕರೆದುಕೊಂಡು ಬಾ, ಎಷ್ಟು ಹೆಣ್ಣುಮಕ್ಕಳು ಕರಿಕೋಟು ಹಾಕಿದ್ದಾರೆ ಅಂತ ಕಣ್ಣಾರೆ ನೋಡಲಿ.

ಪ್ರಶ್ನೆ: ಮಗನ ಸನದಿಗೆ ಸಾವಿರಾರು ರೂಪಾಯಿ ಬೇಕು ಅಂತ ಇಲ್ಲೊಬ್ಬರು ಹೇಳುತ್ತಿದ್ದಾರೆ. ತೊಗರಿ ಮಾರಿದ ದುಡ್ಡು ಬೀಜ, ಗೊಬ್ಬರದ ಸಾಲಕ್ಕೇ ಹೋಯಿತು. ಏನು ಮಾಡಲಿ?
– ಒಬ್ಬ ರೈತ, ಆಳಂದ

ಉತ್ತರ: ಅಣ್ಣಾ, ಯಾರಿಗೂ ದುಡ್ಡು ಕೊಡಬೇಡಿ. ನೋಂದಣಿ ಶುಲ್ಕ 750 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ 125. ಸ್ಟ್ಯಾಂಪ್ ಡ್ಯೂಟಿ ಇದ್ದರೆ ಅದಷ್ಟೇ ಮೇಲೆ. ಇದಕ್ಕಿಂತ ಜಾಸ್ತಿ ಕೇಳುವಂತಿಲ್ಲ ಅಂತ 2024ರ ಜುಲೈ 30ರಂದು ಸುಪ್ರೀಂ ಕೋರ್ಟ್ ಹೇಳಿದೆ. ಇಷ್ಟವಿದ್ದರೆ ಕೊಡಿ ಅನ್ನುವ ‘ಐಚ್ಛಿಕ’ ಶುಲ್ಕವೂ ಕೂಡದು ಅಂತ 2025ರ ಆಗಸ್ಟ್‌ನಲ್ಲಿ ನಮ್ಮ ರಾಜ್ಯದ ವಿಷಯದಲ್ಲೇ ಮತ್ತೆ ಹೇಳಿತು. ಎಐಬಿಇ ಪರೀಕ್ಷೆಯ ಫೀ ಬೇರೆ, ಅದನ್ನು ಮಗ ಪರೀಕ್ಷೆಗೆ ಅರ್ಜಿ ಹಾಕುವಾಗ ಕಟ್ಟಿದರೆ ಸಾಕು. ಯಾವುದಕ್ಕೆ ದುಡ್ಡು ಕಟ್ಟಿದರೂ ರಸೀದಿ ತೆಗೆದುಕೊಂಡು ಜೋಪಾನ ಮಾಡಿ.